ಬರೀ ಒಂದು ಓಕೆ

“ಓಕೆ ಅಂದ್ರೆ ಏನೇ ಅರ್ಥ?”

ಕ್ಲಾಸಿನ ಬಾಗಿಲಲ್ಲೇ ಜಿಂಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಓಟದಲ್ಲಿ ಯಾರ ಕೈಗೂ ಸಿಗದವಳು, ಅದಕ್ಕೇ ಆ ಹೆಸರು. ಎದುರಿಗಿದ್ದವಳು ಅವಳ ಗೆಳತಿ ಚಿನಕುರಳಿ. ನಿದ್ದೆಯಲ್ಲೂ ಬಾಯಿ ಮುಚ್ಚದವಳೆಂದು ಅವಳ ಅಬ್ಬನೇ ಹಾಗೆ ಕರೆಯುತ್ತಿದ್ದರು. ಇವತ್ತು ಮಾತ್ರ ಆ ಬಾಯಿಗೆ ಬೀಗ ಬಿದ್ದಿತ್ತು.

“ನಮ್ಮ ಬೆಕ್ಕು ರಬ್ಬರ್ ಬ್ಯಾಂಡ್ ನುಂಗಿದೆ, ಆಪರೇಷನ್ ಇದೆ, ನೀನೂ ಪ್ರೇಯರ್ ಮಾಡು ಅಂತ ಅಷ್ಟುದ್ದ ಮೆಸೇಜ್ ಹಾಕಿದೆ. ಸಾಲಾಗಿ ಕೈ ಮುಗಿಯೋ ಇಮೋಜಿ ಹಾಕಿದೆ. ನೀನು ಬರೀ ಓಕೆ ಅಂತೀಯ. ನಮ್ಮ ಬೆಕ್ಕೇನು ಹೋಂವರ್ಕಾ?”

ಜಿಂಕೆ ಬ್ಯಾಗ್ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋದಳು. “ನಾಳೆ ಮೂರು ಕಾಲಿನ ಓಟಕ್ಕೂ ಬೇರೆ ಯಾರನ್ನಾದ್ರೂ ನೋಡ್ಕೋ.”

ಚಿನಕುರಳಿಗೆ ಅಳುವೇ ಬಂತು. ಇಬ್ಬರ ಕಾಲು ಸೇರಿಸಿ ಕಟ್ಟಲೆಂದು ಟೈಲರ್ ಅಬ್ಬ ಮೆತ್ತನೆಯ ಪಟ್ಟಿಯನ್ನೇ ಹೊಲಿದು ಕೊಟ್ಟಿದ್ದರು. ಅದು ಅವಳ ಬ್ಯಾಗಿನಲ್ಲೇ ಇತ್ತು.

ಎಡವಟ್ಟು ಶುರುವಾಗಿದ್ದು ನಿನ್ನೆ ಸಂಜೆ ಮದರಸಾದಲ್ಲಿ. ಹುಡುಗನೊಬ್ಬ ಮಸೀದಿಯ ಇಮೋಜಿ ಪಕ್ಕ ನಾಲಿಗೆ ಚಾಚುವ ಮುಖ ಹಾಕಿ ಎಲ್ಲರಿಗೂ ಕಳಿಸಿದ್ದ. ಉಸ್ತಾದರು ಅವನ ಕಿವಿ ಹಿಂಡಲಿಲ್ಲ. “ನಮ್ಮ ಗುರುತುಗಳನ್ನ ತಮಾಷೆಗೆ ಬಳಸಬೇಡಿ. ಬೇರೆಯವರ ಪೂಜೆ, ಪ್ರಾರ್ಥನೆಯ ಗುರುತುಗಳನ್ನೂ ಅರ್ಥ ತಿಳೀದೆ ಒತ್ತಬೇಡಿ. ಬೆರಳು ಒತ್ತೋ ಮೊದಲು ಮನಸ್ಸನ್ನ ಕೇಳಿ,” ಎಂದಿದ್ದರು.

ರಬ್ಬರ್ ಕೇಳುವುದಕ್ಕೂ ಕೈ ಮುಗಿಯುವ ಇಮೋಜಿ ಕಳಿಸುತ್ತಿದ್ದವಳು ಚಿನಕುರಳಿ. ರಾತ್ರಿ ಜಿಂಕೆಯ ಮೆಸೇಜ್ ಬಂದಾಗ ಅಮ್ಮಿಯ ಫೋನ್ ಹಿಡಿದು ಕೂತೇ ಇದ್ದಳು. ಆ ಇಮೋಜಿ ಕಳಿಸಬಹುದೋ ಬಾರದೋ? ಬೇರೇನು ಕಳಿಸುವುದು? ಒಂದೂ ಹೊಳೆಯದೆ ‘ಓಕೆ’ ಎಂದು ಒತ್ತಿಬಿಟ್ಟಳು. ಆಮೇಲೆ ನಮಾಜ್ ಮುಗಿಸಿ ಬೆಕ್ಕಿಗಾಗಿ ದುವಾ ಮಾಡಿಯೇ ಮಲಗಿದ್ದಳು. ಅದು ಜಿಂಕೆಗೆ ಗೊತ್ತಾಗುವುದು ಹೇಗೆ?

ಇವತ್ತು ಶಾಲೆ ಬಿಟ್ಟ ಮೇಲೆ ಸಂಜೆ ಮದರಸಾದಲ್ಲಿ ಉಸ್ತಾದರ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಉಸ್ತಾದರು ಗಡ್ಡ ಸವರಿಕೊಂಡು ನಕ್ಕರು.

“ಯೋಚನೆ ಮಾಡಿ ಕಳಿಸು ಅಂದೆ ಮಗಳೇ. ಮಾತೇ ನಿಲ್ಲಿಸು ಅಂದ್ನಾ?”

“ಹಾಗಾದ್ರೆ ಏನು ಕಳಿಸ್ಬೇಕಿತ್ತು ಉಸ್ತಾದ್?”

“ರಾತ್ರಿ ದುವಾ ಮಾಡಿದ್ಯಲ್ಲ, ಅದನ್ನೇ ಹೇಳ್ಬಹುದಿತ್ತು. ನನಗೆ ಇಷ್ಟುದ್ದ ಕತೆ ಹೇಳೋಳಿಗೆ ಅವಳ ಹತ್ರ ಮಾತಿಗೇನು ಬರ?”

ಚಿನಕುರಳಿ ಚಪ್ಪಲಿ ಮೆಟ್ಟಿಕೊಂಡು ಓಡಿದವಳು ನಿಂತಿದ್ದು ಜಿಂಕೆಯ ಮನೆ ಬಾಗಿಲಲ್ಲೇ. ಆಪರೇಷನ್ ಆಗಿ ಬಂದು, ಗಾಯ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಬಕೆಟ್‌ನಂಥ ಪಟ್ಟಿ ಹಾಕಿಕೊಂಡ ಬೆಕ್ಕು ಅವಳನ್ನು ಕೆಟ್ಟ ಕೋಪದಿಂದ ನೋಡಿತು. ಅದರ ಹಿಂದೆ ಜಿಂಕೆಯೂ ಹಾಗೇ ನೋಡಿದಳು.

“ನಿನ್ನೆ ರಾತ್ರಿ ಇದಕ್ಕೋಸ್ಕರ ದುವಾ ಮಾಡ್ದೆ ಕಣೇ. ಹೀಗೆ.” ಚಿನಕುರಳಿ ಎರಡೂ ಅಂಗೈ ಬಿಡಿಸಿ ತೋರಿಸಿದಳು. “ನಾವು ಕೇಳ್ಕೊಳ್ಳೋದು ಹೀಗೆ. ಕೈ ಮುಗಿಯೋದು ಕಳಿಸ್ಲೋ ಬೇಡ್ವೋ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಓಕೆ ಅಂದ್ಬಿಟ್ಟೆ.”

ಜಿಂಕೆ ಆ ಖಾಲಿ ಅಂಗೈಗಳನ್ನೇ ನೋಡಿದಳು. “ಕೈ ಯಾಕೆ ತೆರೆದಿರ್ತೀರ?”

“ಕೇಳಿದ್ದು ಸಿಕ್ಕಿದ್ರೆ ಹಿಡ್ಕೊಳ್ಳೋಕೆ ಜಾಗ ಬೇಡ್ವಾ? ನಮ್ಮಜ್ಜಿ ಹಾಗೇ ಹೇಳೋದು.”

ಜಿಂಕೆಯ ಊದಿದ ಮುಖದಲ್ಲಿ ನಗು ಒಡೆಯಿತು. “ಇಷ್ಟನ್ನ ನಿನ್ನೆನೇ ಬರೆಯೋಕೆ ಏನಾಗಿತ್ತೇ ನಿಂಗೆ? ನಾಳೆಗೆ ಕಾಲು ಕಟ್ಟೋ ಪಟ್ಟಿ ಇದೆ ತಾನೇ?”

ಮರುದಿನ ಮೈದಾನದಲ್ಲಿ ಅಬ್ಬನ ಪಟ್ಟಿ ಇಬ್ಬರ ಕಾಲನ್ನೂ ಬಿಗಿಯಾಗಿ ಹಿಡಿದಿತ್ತು. ಸೀಟಿ ಊದುವ ಮೊದಲು ಜಿಂಕೆ ಕಣ್ಣು ಮುಚ್ಚಿ ಕೈ ಮುಗಿದಳು. ಪಕ್ಕದಲ್ಲಿ ಚಿನಕುರಳಿ ಅಂಗೈ ಬಿಡಿಸಿದಳು. ಕಣ್ಣು ತೆರೆದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ಏನು ಕೇಳ್ದೆ?” ಎಂದಳು ಜಿಂಕೆ.

“ಬೀಳದೇ ಇರ್ಲಿ ಅಂತ.”

“ನಾನೂ ಅದೇ ಕೇಳಿದ್ದು.”

ಸೀಟಿ ಕೇಳಿಸಿತು. ಕಟ್ಟಿದ ಕಾಲನ್ನು ಇಬ್ಬರೂ ಒಟ್ಟಿಗೆ ಮುಂದಿಟ್ಟರು.