ಪೆನ್ಸಿಲ್ ತಾಗಬಾರದ ನಂಬರು

"ಫೋಟೊ ಬೇಕಾದಷ್ಟು ತಗೋರಿ. ಟಾರ್ಚ್ ಹಾಕಿ ನೋಡ್ರಿ, ಕನ್ನಡಿ ಹಿಡದು ನೋಡ್ರಿ. ಆದ್ರ ಆ ನಂಬರಿನ ಮ್ಯಾಲೆ ಕಾಗದ ಇಟ್ಟು ಪೆನ್ಸಿಲ್ ಮಾತ್ರ ಉಜ್ಜಬ್ಯಾಡ್ರಿ," ಎಂದ ಗುರುಬಸಪ್ಪ.

ನವನೀತನಿಗೆ ನಗು ಬಂತು. "ಯಾಕೆ ಅಂಕಲ್, ಕಾರಿಗೆ ಕಚಗುಳಿ ಆಗುತ್ತಾ?"

ಮುದುಕ ನಗಲಿಲ್ಲ. ಗದಗದ ಕಡೆಯ ಮನುಷ್ಯ, ಸಿಂಗಾಪುರಕ್ಕೆ ಬಂದು ಮೂವತ್ತು ವರ್ಷವಾಗಿದ್ದರೂ ಮಾತಿನ ಧಾಟಿ ಬಿಟ್ಟಿರಲಿಲ್ಲ. ಮೊದಲು ಮೆಕ್ಯಾನಿಕ್ ಆಗಿದ್ದ. ಈಗ ಕಾಕಿ ಬುಕಿತ್‌ನ ಈ ಗೋದಾಮಿನಲ್ಲಿ ಶ್ರೀಮಂತರ ಹಳೇ ಕಾರುಗಳಿಗೆ ಕಾವಲು. ಅವನು ಶಟರ್ ಎತ್ತಿದ ಕೋಣೆಯಲ್ಲಿ ಐವತ್ತು ವರ್ಷ ಹಿಂದಿನ ಅಮೆರಿಕದ ಕಾರೊಂದು ನಿಂತಿತ್ತು. ಅಗಲವಾದ ಮೈ, ಉದ್ದನೆಯ ಬಾನೆಟ್, ಒಣಗಿದ ಕುಂಕುಮದಂಥ ಕೆಂಪು. ಆ ಮಾದರಿಯಲ್ಲಿ ದೊಡ್ಡ ಎಂಜಿನ್ ಹಾಕಿ ಹೊರಬಂದ ಕಾರುಗಳು ಬೆರಳೆಣಿಕೆಯವು. ಇದು ಅವುಗಳಲ್ಲೊಂದು ಹೌದೋ ಅಲ್ಲವೋ ಎಂದು ಹೇಳುವುದಷ್ಟೇ ನವನೀತನ ಕೆಲಸ.

"ಇದನ್ನ ಜೋಡಿಸಿದಾಂವ ಮಾಟ ಮಾಡಿಸ್ಯಾನ್ರಿ," ಗುರುಬಸಪ್ಪ ದನಿ ತಗ್ಗಿಸಿದ. "ಸಾದಾ ಗಾಡಿಗೆ ಸುಟ್ಟುಹೋದ ಖರೇ ಗಾಡಿ ನಂಬರ್ ಹಚ್ಚಿದ. ಕಂಡವರೆಲ್ಲ ಇದನ್ನ ಖರೇ ಅನ್ನಬೇಕು ಅಂತ ತಾಮ್ರದ ತಗಡು ಬರಸಿ ಒಳಗ ಇಟ್ಟ."

"ಅಂದ್ರೆ ಇದು ನಕಲಿ ಅಂತ ನೀವೇ ಹೇಳಿದ ಹಾಗಾಯ್ತು. ನನ್ನ ಕೆಲಸ ಅರ್ಧ ಮುಗೀತು ಬಿಡಿ."

"ನಕಲಿ ಅಂತ ಗೊತ್ತಿದ್ದೂ ಅಸಲಿ ಅಂತ ಬರದವರು ಅದಾರ ತಮ್ಮಾ."

"ನಾನು ಬರೆಯೋನಲ್ಲ ಅಂಕಲ್."

ಗುರುಬಸಪ್ಪ ಚಪ್ಪಲಿ ಎಳೆಯುತ್ತ ಹೊರಟುಹೋದ.

ಗಂಟೆ ನಾಲ್ಕಾಗಿತ್ತು. ಏಳರೊಳಗೆ ಬೆಡೋಕ್‌ಗೆ ಹೋಗಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಸ್ಟೂಡೆಂಟ್ ಕೇರ್ ಸೆಂಟರಿನಿಂದ ಮಗಳು ರಿಷಿಕಾಳನ್ನು ಕರೆದುಕೊಳ್ಳಬೇಕು. ಹೆಂಡತಿ ಜ್ಯೋತ್ಸ್ನಾ ಅಮ್ಮನ ಆಪರೇಷನ್ ಅಂತ ಮೈಸೂರಿಗೆ ಹೋಗಿ ಒಂಬತ್ತು ದಿನ. ಅಂದಿನಿಂದ ಜಡೆ ಹಾಕುವುದು, ಟಿಫಿನ್ ಡಬ್ಬಿ, ಸ್ಪೆಲ್ಲಿಂಗ್ ಹೇಳಿಸುವುದು, ಎಲ್ಲ ಅವನ ಪಾಲಿಗೆ. ಬೆಳಿಗ್ಗೆ ಮಗಳು ಕೈ ಹಿಡಿದು ಕೇಳಿದ್ದಳು, "ಇವತ್ತೂ ಲಾಸ್ಟ್‌ನಲ್ಲಿ ನಾನೊಬ್ಳೇ ಕೂತಿರ್ತೀನಾ?" ಇಲ್ಲ ಪುಟ್ಟಾ, ಇವತ್ತು ಬೇಗ ಬರ್ತೀನಿ ಅಂದಿದ್ದ.

ಬಗ್ಗಿ ಕೆಲಸಕ್ಕೆ ತೊಡಗಿದ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ನಂಬರು ಕೊರೆದ ಲೋಹದ ಪಟ್ಟಿ ಇತ್ತು. ಅದನ್ನು ಹಿಡಿದ ರಿವೆಟ್‌ಗಳಿಗೆ ಕಾರ್ಖಾನೆಯಲ್ಲಿ ಆರೆಸಳಿನ ಹೂವಿನ ತಲೆ ಇರುತ್ತಿತ್ತು. ಇವಕ್ಕೆ ಬೋಳು ತಲೆ. ಬಾನೆಟ್ ಎತ್ತಿದ. ಎಂಜಿನ್ನಿನ ಮೇಲೆ ನಂಬರು ಒತ್ತುವ ಜಾಗವನ್ನು ಕಾರ್ಖಾನೆಯವರು ಹೆರೆದು ನಯ ಮಾಡುತ್ತಿದ್ದರು. ಹೆರೆದದ್ದಕ್ಕೆ ಕೂದಲೆಳೆಯಂಥ ಗೆರೆಗಳು ಸಾಲಾಗಿ ಉಳಿಯಲೇಬೇಕು. ಇಲ್ಲಿ ಒಂದೂ ಇಲ್ಲ. ಯಾರೋ ಹಳೇ ನಂಬರನ್ನು ಉಜ್ಜಿ ತೆಗೆದು ಹೊಸದು ಹೊಡೆದಿದ್ದಾರೆ. ಹತ್ತೇ ನಿಮಿಷದಲ್ಲಿ ತೀರ್ಮಾನವಾಗಿಹೋಯಿತು. ನಕಲಿ.

ಬಾನೆಟ್ಟಿನ ಒಳಗಿಂದ ಒಂದು ವಾಸನೆ ಬರುತ್ತಿತ್ತು. ಹಳೇ ಎಣ್ಣೆ, ಲೋಬಾನ, ಅದರ ಕೆಳಗೆ ಸುಟ್ಟ ಕೂದಲು. ಟಾರ್ಚ್ ಆಡಿಸಿದಾಗ ಆಳದಲ್ಲಿ ವೈರುಗಳ ಹಿಂದೆ ಸುರುಳಿ ಸುತ್ತಿದ ತಾಮ್ರದ ತಗಡು ಮಿಂಚಿತು. "ಇದೆಯಲ್ಲಪ್ಪಾ," ಎಂದು ಒಬ್ಬನೇ ನಕ್ಕ.

ಫೋಟೊ ತೆಗೆದು ಹೊರಟುಬಿಡಬಹುದಿತ್ತು. ಆದರೆ ಬೆಂಗಳೂರಿನಲ್ಲಿ ಹದಿನೇಳು ವರ್ಷ ಸೆಕೆಂಡ್ ಹ್ಯಾಂಡ್ ಗಾಡಿ ಪರೀಕ್ಷೆ ಮಾಡಿದ ಕೈ ಅದು. ಅಲ್ಲಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್ ತೆಗೆಯದಿದ್ದರೆ ಯಾರೂ ನಂಬುತ್ತಿರಲಿಲ್ಲ. ಇಲ್ಲಿನ ಆಫೀಸಿನಲ್ಲಿ ಫೋಟೊ ಸಾಕು ಅಂದರೂ ಅವನಿಗೆ ಸಾಕಾಗುತ್ತಿರಲಿಲ್ಲ. ಫೋಟೊ ಬೆಳಕು ಬಿದ್ದಂತೆ ತೋರಿಸುತ್ತದೆ, ಪೆನ್ಸಿಲ್ ಇದ್ದದ್ದನ್ನೇ ತೋರಿಸುತ್ತದೆ.

ಎಂಜಿನ್ನಿನ ನಂಬರಿನ ಮೇಲೆ ಬಟರ್ ಪೇಪರ್ ಇಟ್ಟ. ಎಡ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಉಜ್ಜಿದ. ಸರಸರ, ಸರಸರ. ಅಂಕಿಗಳು ಬೆಳ್ಳಗೆ ಎದ್ದು ಬಂದವು. ಸುತ್ತಲಿನ ಜಾಗ ಬೋಳು. ತಾನು ತೀರ್ಮಾನಿಸಿದಂತೆಯೇ.

ಇನ್ನೊಂದು ಇರಲಿ ಎಂದು ಮತ್ತೆ ಉಜ್ಜಿದ. ಈ ಸಲ ಕಾಗದದ ಮೇಲೆ ಗೆರೆ ಮೂಡಿದವು. ಕೂದಲೆಳೆಯಂಥ ಗೆರೆಗಳು.

ಕಾಗದ ಎತ್ತಿ ಟಾರ್ಚ್ ಬಿಟ್ಟು ನೋಡಿದ. ಲೋಹ ಗಾಜಿನಂತೆ ನುಣ್ಣಗಿತ್ತು. ಕಾಗದ ಸರಿಯಿತೇನೋ ಅಂದುಕೊಂಡ. ಮೂರನೇ ಸಲ ಇಟ್ಟು ಉಜ್ಜಿದ. ಗೆರೆಗಳು ದಟ್ಟವಾದವು. ನೇರವಾಗಿ ಹೋಗಬೇಕಾದವು ಬಾಗಿದವು, ಬಾಗಿ ಸುತ್ತು ಬಂದವು, ಸುತ್ತಿ ಸುತ್ತಿ ನಡುವೆ ಒಂದು ಸುಳಿಯಾದವು. ಸುಳಿಯ ಪಕ್ಕದಲ್ಲಿ ಅಡ್ಡಕ್ಕೊಂದು ಗಾಯದ ಗೀರು. ಹೈಸ್ಕೂಲಿನಲ್ಲಿ ಬ್ಲೇಡು ತಾಗಿ ಆದದ್ದು. ಅವನ ಹೆಬ್ಬೆರಳಿನದು.

ಹೆಬ್ಬೆರಳು ತಿರುಗಿಸಿ ನೋಡಿಕೊಂಡ. ಗೀರಿರಲಿಲ್ಲ. ಸುಳಿ ಇರಲಿಲ್ಲ. ತುದಿ ಮೇಣದ ಹಾಗೆ ಬೋಳಾಗಿತ್ತು.

ಆಗಲೇ ಅವನಿಗೆ ಗೊತ್ತಾದದ್ದು, ಹೊರಗಿನ ಲಾರಿಗಳ ಸದ್ದು ನಿಂತಿದೆ ಎಂದು. ತಿರುಗಿದ. ಶಟರ್ ಕೆಳಗಿತ್ತು. ಇಳಿದ ಸದ್ದೇ ಆಗಿರಲಿಲ್ಲ. ಓಡಿಹೋಗಿ ಪಕ್ಕದ ಸರಪಳಿ ಜಗ್ಗಿದ. ಸರಪಳಿ ಬಂತು. ಇನ್ನೂ ಜಗ್ಗಿದ, ಇನ್ನೂ ಬಂತು. ಕಾಲ ಬಳಿ ಮೊಣಕಾಲೆತ್ತರ ರಾಶಿ ಬಿದ್ದರೂ ಮುಗಿಯಲಿಲ್ಲ. ಶಟರ್ ಒಂದಿಂಚೂ ಮೇಲೇಳಲಿಲ್ಲ.

ಫೋನ್ ತೆಗೆದ. ಆರೂ ಐವತ್ತು ಎಂದಿತ್ತು. ಎರಡೂವರೆ ಗಂಟೆ ಎಲ್ಲಿ ಹೋಯಿತು? ಹೆಬ್ಬೆರಳಿಟ್ಟ. ಫೋನ್ ಗುರುತು ಹಿಡಿಯಲಿಲ್ಲ. ಮುಖ ತೋರಿಸಿದ. ಹಿಡಿಯಲಿಲ್ಲ. ಅಂಕಿ ಒತ್ತಿದ. ಬೆರಳು ತಾಗಿದ್ದು ಪರದೆಗೆ ತಿಳಿಯಲೇ ಇಲ್ಲ. ಅಷ್ಟರಲ್ಲಿ ಫೋನೇ ರಿಂಗಾಯಿತು. ಸ್ಟೂಡೆಂಟ್ ಕೇರ್. ರಿಷಿಕಾಳ ಸೆಂಟರಿನವರು. ಅವನು ಉಜ್ಜಿದ, ಒತ್ತಿದ, ಉಗುರಿನಿಂದ ಕೆರೆದ. ಫೋನ್ ಅವನ ಕೈಯಲ್ಲೇ ಬಡಕೊಂಡು ಬಡಕೊಂಡು ಸುಮ್ಮನಾಯಿತು.

"ಬಸಪ್ಪ ಅಂಕಲ್!" ಶಟರಿಗೆ ಗುದ್ದಿದ. "ಅಂಕಲ್, ಶಟರ್ ಎತ್ತಿ!"

ದನಿ ಕೇಳಿಸಿತು. ಶಟರಿನ ಆಚೆಯಿಂದಲ್ಲ. ಬೆನ್ನ ಹಿಂದಿನಿಂದ, ತೀರಾ ಹತ್ತಿರದಿಂದ.

"ಶಟರ್ ಮ್ಯಾಲೇ ಐತಿ ತಮ್ಮಾ. ನಾ ಗಾಡಿ ಮುಂದ ನಿಂತೀನಿ. ನೀ ಎಲ್ಲಿದ್ದಿ?"

ಬಾನೆಟ್ಟಿನ ಮುಂದೆ ಯಾರೂ ಇರಲಿಲ್ಲ.

"ಪೆನ್ಸಿಲ್ ಹಚ್ಚೀದಿ," ಎಂದಿತು ದನಿ. ಬೈಗುಳವಲ್ಲ, ದಣಿವು. "ಹೌದಲ್ಲ?"

"ಹೊರಗೆ ಬರೋದು ಹೇಗೆ ಹೇಳಿ ಅಂಕಲ್. ಮಗು ಕಾಯ್ತಾ ಇದೆ."

ಉತ್ತರ ಬರುವ ಮೊದಲು ಎಂಜಿನ್ ಶುರುವಾಯಿತು. ಬ್ಯಾಟರಿಯ ವೈರನ್ನು ಅವನೇ ಕಣ್ಣಾರೆ ನೋಡಿದ್ದ, ಬಿಚ್ಚಿಟ್ಟಿತ್ತು. ಟ್ಯಾಂಕ್ ಒಣಗಿತ್ತು. ಆದರೂ ಎಂಟು ಸಿಲಿಂಡರೂ ಒಟ್ಟಿಗೆ ಗುಡುಗಿದವು. ನೆಲ ಅದುರಿತು. ಹಲ್ಲು ಅದುರಿದವು. ಹಿಂಬದಿಯ ಕೊಳವೆಯಿಂದ ಕಪ್ಪು ಹೊಗೆ ನೆಲ ಹಿಡಿದು ಹರಿದು ಬಂತು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು.

"ಅಸಲಿ ಅಂತ ಬರದ್ರ ಬಿಡತೈತಿ," ಗುರುಬಸಪ್ಪ ಕೂಗುತ್ತಿದ್ದ. "ಬರೀಬ್ಯಾಡ. ಕೇಳಿಲ್ಲೆ, ಬರೀಬ್ಯಾಡ! ತಾನು ಖರೇ ಆಗಾಕ ಬೇಕಾದ್ದನ್ನ ಅದು ನಿನ್ನಿಂದ ತಗೋತೈತಿ. ಕೆಲವು ವರ್ಷಕ್ಕ ಅದು ಕರಗಿ ಮತ್ತ ಹಸಿವು. ನಾನೂ ಬರದಿದ್ದೆ, ನನ್ನಿಂದ ತಗೊಂಡು ಹನ್ನೊಂದು ವರ್ಷ ಆತು. ಗುರುಸಿದ್ದವ್ವ, ನನ್ನ ಹೆಂಡ್ತಿ, ಇನ್ನೂ ನನಗ ಬಾಗಲಾ ತಗದಿಲ್ಲ. ತಡೀ. ನಾ ಯಾರನ್ನರ ಕರಕೊಂಡು ಬರ್ತೀನಿ."

ಹೆಜ್ಜೆಯ ಸದ್ದು ದೂರವಾಯಿತು.

ಹೊಗೆ ಸೊಂಟದ ಮಟ್ಟಕ್ಕೆ ಬಂತು. ಎದೆಯ ಮಟ್ಟಕ್ಕೆ. ನವನೀತ ಅಂಗಿಯನ್ನು ಮೂಗಿಗೆ ಒತ್ತಿಕೊಂಡು ಎಂಜಿನ್ನಿನ ಕಡೆ ತೆವಳಿದ. ತಾಮ್ರದ ತಗಡಿಗೆ ಕೈ ಚಾಚಿದ. ಚಾಚಿದಷ್ಟೂ ಅದು ಒಳಗೆ ಸರಿಯಿತು. ತೋಳು ಭುಜದವರೆಗೆ ಹೋಯಿತು. ಒಳಗೆ ಯಾರದೋ ಬೆರಳುಗಳು ಅವನ ಬೆರಳುಗಳನ್ನು ಹಿಡಿದವು. ಮೆತ್ತಗಿನ ಬೆರಳುಗಳು. ಬೋಳು ತುದಿಗಳು. ಒಂದಲ್ಲ ಎರಡಲ್ಲ. ಕಿರುಚಿ ಕೈ ಕಿತ್ತುಕೊಂಡ.

ಫೋನ್ ಮತ್ತೆ ರಿಂಗಾಯಿತು. ಏಳೂ ಹತ್ತು. ಈ ಊರಿನಲ್ಲಿ ಅವಳಿಗೆ ಅವನ ಹೊರತು ಯಾರಿದ್ದಾರೆ? ಯಾರೂ ಇಲ್ಲ. ಜ್ಯೋತ್ಸ್ನಾ ಬರುವುದು ಇನ್ನೂ ಐದು ದಿನಕ್ಕೆ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಶೂ ಹಾಕಿಕೊಂಡು, ಬಾಗಿಲನ್ನೇ ನೋಡುತ್ತ ಕೂತಿರುತ್ತಾಳೆ. ತಾನು ಇಲ್ಲಿ ಸತ್ತರೆ ಅವಳಿಗೆ ಯಾರು ಹೇಳುತ್ತಾರೆ? ಏನಂತ ಹೇಳುತ್ತಾರೆ?

ಇಷ್ಟು ವರ್ಷದಲ್ಲಿ ಒಂದೇ ಒಂದು ನಕಲಿಗೆ ಅವನು ಸಹಿ ಹಾಕಿದವನಲ್ಲ. ಲಂಚಕ್ಕಿಲ್ಲ, ಬೆದರಿಕೆಗಿಲ್ಲ. ಬರೀ ಒಂದು ಮಾತು ತಾನೇ. ಹೊರಗೆ ಹೋದ ಮೇಲೆ ಹರಿದು ಹಾಕಿದರಾಯ್ತು. ಕೆಮ್ಮಿದ. ಕಣ್ಣು ಉರಿಯಿತು. ಕಾಗದ ಎಲ್ಲಿ? ಸಿಕ್ಕಿತು. ಪೆನ್ಸಿಲ್? ಸಿಕ್ಕಿತು. ಕಾಣುತ್ತಿರಲಿಲ್ಲ. ಕುರುಡುಗೈಯಲ್ಲಿ ಅಕ್ಷರ ಕೊರೆದ. ಅಸಲಿ. ಕೆಳಗೆ ಸಹಿ ಹಾಕಿದ.

ಎಂಜಿನ್ ನಿಂತಿತು.

ಟ್ಯೂಬ್‌ಲೈಟಿನ ಬೆಳಕು. ಎತ್ತಿದ ಶಟರ್. ಲಾರಿಯೊಂದು ರಿವರ್ಸ್ ತೆಗೆಯುವ ಪೀಂ ಪೀಂ. ಹೊಗೆಯಿಲ್ಲ, ಸರಪಳಿಯ ರಾಶಿಯಿಲ್ಲ. ಕೈಯಲ್ಲಿದ್ದ ಕಾಗದ ಖಾಲಿ. ಹರಿಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಬಾನೆಟ್ಟಿನ ಕೆಳಗೆ ನಂಬರಿನ ಸುತ್ತ ಕಾರ್ಖಾನೆಯ ಗೆರೆಗಳು ಸಾಲಾಗಿ, ನೇರವಾಗಿ, ಕೂದಲೆಳೆಯಂತೆ ಹೊಳೆಯುತ್ತಿದ್ದವು. ಪಟ್ಟಿಯ ರಿವೆಟ್‌ಗಳು ಆರೆಸಳಾಗಿ ಅರಳಿದ್ದವು. ಈಗ ಯಾವ ಪರೀಕ್ಷಕ ಬಂದರೂ ಬೆರಳು ತೋರಿಸಲಾರ.

ಇಬ್ಬರು ವಾಚ್‌ಮನ್‌ಗಳ ಜೊತೆ ಓಡೋಡಿ ಬಂದ ಗುರುಬಸಪ್ಪ ಅವನನ್ನು ಕಂಡು ಅಲ್ಲೇ ನಿಂತ. ಒಮ್ಮೆ ಮುಖ ನೋಡಿದ. ತಲೆ ತಗ್ಗಿಸಿದ. "ಬರದೀದಿ," ಎಂದ ಅಷ್ಟೇ.

ನವನೀತ ನಿಲ್ಲಲಿಲ್ಲ. ಗೋದಾಮಿನ ಇಳಿಜಾರಿನಲ್ಲಿ ಓಡಿ ಟ್ಯಾಕ್ಸಿ ಹಿಡಿದ. ಬೆಡೋಕ್‌ನ ಫ್ಲ್ಯಾಟುಗಳ ಬ್ಲಾಕಿನ ಕೆಳಗೆ, ಗೋಡೆಯಿಲ್ಲದ ತೆರೆದ ನೆಲಮಹಡಿಯ ಕೊನೆಯಲ್ಲಿ ಸೆಂಟರಿನ ಒಂದೇ ದೀಪ ಉರಿಯುತ್ತಿತ್ತು. ಗಾಜಿನ ಬಾಗಿಲ ಆಚೆ ರಿಷಿಕಾ, ಬ್ಯಾಗು ತೊಡೆಯ ಮೇಲೆ. ಅವನು ಗಾಜು ತಟ್ಟಿದ, ಟೀಚರ್ ಬಾಗಿಲು ತೆರೆದು ನಿಂತರು.

"ಸಾರಿ ಪುಟ್ಟಾ. ಸಾರಿ ಕಂದಾ. ಲೇಟಾಯ್ತು."

ಅವಳು ಎದ್ದು ನಾಲ್ಕು ಹೆಜ್ಜೆ ಓಡಿಬಂದಳು. ನಿಂತಳು. ತಲೆ ಓರೆ ಮಾಡಿ ನೋಡಿದಳು. ಆಮೇಲೆ ಹಿಂದೆ ಸರಿದು ಟೀಚರ್ ಮಿಸ್ ಲಿಮ್ ಅವರ ಸ್ಕರ್ಟ್ ಹಿಡಿದುಕೊಂಡಳು.

"ಟೀಚರ್, ದಿಸ್ ಒನ್ ನಾಟ್ ಮೈ ಅಪ್ಪ ಲಾ."

ಮಿಸ್ ಲಿಮ್ ನಕ್ಕರು. ಅಪ್ಪ ತಡವಾಗಿ ಬಂದದ್ದಕ್ಕೆ ಮಗುವಿಗೆ ಸಿಟ್ಟು ಅಂದುಕೊಂಡರು. ನವನೀತ ಗುರುತಿನ ಕಾರ್ಡ್ ಕೊಟ್ಟ. ಅವರು ಫೋಟೊ ನೋಡಿದರು, ಅವನನ್ನು ನೋಡಿದರು, ಮತ್ತೆ ಫೋಟೊ ನೋಡಿದರು. ನಗು ಸ್ವಲ್ಪ ಸ್ವಲ್ಪವೇ ಆರಿತು. ಕಾರ್ಡನ್ನು ವಾಪಸು ಕೊಡಲಿಲ್ಲ.

"ಏನು ಬೇಕಾದ್ರೂ ಕೇಳು ಚಿನ್ನಾ," ಅವನು ಮೊಣಕಾಲೂರಿ ಕೂತ.

"ನನ್ನ ಯಾವ ಹಲ್ಲು ಬಿದ್ದಿದ್ದು?"

"ಕೆಳಗಡೇದು, ಮುಂದಿನದು. ಭಾನುವಾರ. ಇಡ್ಲಿ ತಿನ್ನುವಾಗ."

"ರಾತ್ರಿ ಅಪ್ಪ ಏನಂತ ಕರೀತಾರೆ?"

"ಗುಬ್ಬಿಮರಿ."

"ಬೆಳಿಗ್ಗೆ ನಾನು ಏನು ಕೇಳಿದೆ?"

"ಇವತ್ತೂ ಲಾಸ್ಟ್‌ನಲ್ಲಿ ನಾನೊಬ್ಳೇ ಕೂತಿರ್ತೀನಾ ಅಂತ." ಅವನ ಕಣ್ಣಲ್ಲಿ ನೀರು ತುಂಬಿತು.

ಮಗು ಅವನನ್ನು ಅಡಿಯಿಂದ ಮುಡಿಯವರೆಗೆ, ಒಂದೊಂದೇ ಭಾಗವನ್ನು ಪರೀಕ್ಷಿಸುವಂತೆ ನೋಡಿತು. ಆ ನೋಟ ಅವನಿಗೆ ಹೊಸದಲ್ಲ. ಎಲ್ಲ ಅಂಕಿಗಳೂ ತಾಳೆಯಾಗಿ, ಆದರೂ ಏನೋ ಸರಿಯಿಲ್ಲವೆಂದು ಗೊತ್ತಾದಾಗ ಅವನೇ ಎಷ್ಟೋ ಕಾರುಗಳನ್ನು ಹಾಗೆ ನೋಡಿದ್ದ.

"ಎಲ್ಲಾ ಕರೆಕ್ಟಾಗೇ ಹೇಳ್ತಾರೆ ಟೀಚರ್," ಎಂದಳು ರಿಷಿಕಾ, ಮತ್ತೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿ. "ಆದ್ರೂ ಅಪ್ಪ ಅಲ್ಲ. ನಮ್ಮಪ್ಪಂಗೆ ಫೋನ್ ಮಾಡಿ."

ಮಿಸ್ ಲಿಮ್ ಅವಳನ್ನು ಒಳಗೆ ಎಳೆದುಕೊಂಡು ಗಾಜಿನ ಬಾಗಿಲ ಚಿಲಕ ಹಾಕಿದರು. ನಂಬರು ಒತ್ತಿದರು. ಹೊರಗೆ ಮೊಣಕಾಲೂರಿದ್ದವನ ಜೇಬಿನಲ್ಲಿ ಫೋನ್ ಬಡಕೊಳ್ಳತೊಡಗಿತು. ಎತ್ತಲು ಅವನ ಬೆರಳಿಗೆ ಬರಲಿಲ್ಲ.