ಎಲ್ಲಿಗೆ ಅಂತ ಕೇಳಬಾರದು

"ಎಲ್ಲಿಗೆ?"

ನಾಗಮಣಿ ಕೇಳಿದ್ದು ಇಷ್ಟೇ. ಎದುರಿಗಿದ್ದವನು ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಹಿಂದೆ ಸರಿದ.

"ಕೇಳಿಯೇ ಬಿಟ್ರಲ್ಲ ಮಾರಾಯ್ರೆ..." ಎನ್ನುತ್ತಾ ಕುರ್ಚಿಯಲ್ಲಿ ಕುಸಿದು ಕೂತ. "ಒಂದು ಲೋಟ ನೀರು ಸಿಗ್ತದಾ?"

ಮದರಾಸಿನ ಮೌಂಟ್ ರೋಡಿನ ವಿಮಾ ಕಚೇರಿಯ ಮೋಟಾರು ವಿಭಾಗದಲ್ಲಿ ಅವಳು ಅತ್ತವರನ್ನು ಕಂಡಿದ್ದಳು, ಮೇಜು ಗುದ್ದಿದವರನ್ನೂ ಕಂಡಿದ್ದಳು. ಒಂದು ಪ್ರಶ್ನೆಗೆ ನೀರು ಕೇಳಿದವನನ್ನು ಕಂಡಿರಲಿಲ್ಲ. ಅವನ ಇಂಗ್ಲಿಷಿನೊಳಗಿಂದ ಕುಂದಾಪುರ ಇಣುಕಿದ್ದನ್ನು ಗುರುತಿಸಿ, ಪಾಪ, ನಮ್ಮವನು ಎಂದು ಕನ್ನಡದಲ್ಲಿ ಕೇಳಿದ್ದೇ ತಪ್ಪಾಯಿತೇನೋ.

ಅವನು ನೀರು ಕುಡಿದ. ಎದ್ದು ಬಾಗಿಲವರೆಗೆ ಹೋದ. ಆಗಷ್ಟೇ ಬಂದವನಂತೆ ತಿರುಗಿ ಬಂದು ಕೈ ಮುಗಿದ.

"ನಮಸ್ಕಾರ. ನಾನು ರಘುರಾಮ. ತ್ರಿಪ್ಲಿಕೇನಿನಲ್ಲಿ ನಮ್ಮದೊಂದು ಊಟದ ಮೆಸ್ಸು ಉಂಟು. ನನ್ನ ಬುಲೆಟ್ಟಿಗೆ ಹೊರದೇಶದ ವಿಮೆ ಬೇಕು."

"ಯಾವ ದೇ..." ನಾಗಮಣಿ ನಾಲಿಗೆ ಕಚ್ಚಿಕೊಂಡಳು.

ಅವನು ತಗ್ಗಿದ ದನಿಯಲ್ಲಿ ವಿವರಿಸಿದ. ಅವನಪ್ಪ ರಂಗೂನಿಗೆ ಹೊರಟ ದಿನ ಹೊಸ್ತಿಲಲ್ಲಿ ಯಾರೋ 'ಎಲ್ಲಿಗೆ' ಅಂದಿದ್ದರಂತೆ. ಅಪ್ಪ ಮತ್ತೆ ಬರಲೇ ಇಲ್ಲ. ಅದಕ್ಕೇ ಅಮ್ಮ ಮಗನಿಂದ ಮಾತು ತೆಗೆದುಕೊಂಡಿದ್ದಳು. ಹೊರಡುವವರೆಗೆ ಆ ಪ್ರಶ್ನೆಗೆ ಅವನ ಬಾಯಿಂದ ಉತ್ತರ ಬರಕೂಡದು. ಯಾರಾದರೂ ಕೇಳಿದರೆ ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು.

"ಅಲ್ಲ ಸಾರ್, ದೇಶದ ಹೆಸರೇ ಇಲ್ದೆ ವಿಮೆ ಹೇಗೆ ಕೊಡೋದು? ನಮ್ಮ ಪಾಲಿಸಿ ಗಡಿ ದಾಟಿದ್ರೆ ಬರೀ ಕಾಗದ."

"ಅದಕ್ಕೇ ನಿಮ್ಮ ಹತ್ರ ಬಂದದ್ದು," ಎಂದ ಅವನು, ದಾರಿ ತೋರಿಸುವುದು ಅವಳ ಕೆಲಸವೇ ಎಂಬಂತೆ.

ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಅವಳು ಎದ್ದು ಗೋಡೆಯ ಭೂಪಟದ ಮುಂದೆ ನಿಂತಳು.

"ನಾನು ಕೇಳೋದಿಲ್ಲ. ಹೆಸರು ಹೇಳ್ತಾ ಹೋಗ್ತೀನಿ. ನೀವು ತಲೆ ಆಡಿಸಿ. ಪಾಕಿಸ್ತಾನ."

ತಲೆ ಆಡಿತು.

"ಇರಾನ್... ಟರ್ಕಿ... ಗ್ರೀಸ್..."

ಆಡಿತು, ಆಡಿತು, ಆಡಿತು. ಒಂದೊಂದು ಹೆಸರಿಗೂ ಅವನ ಕಣ್ಣು ಅರಳುತ್ತಿತ್ತು. ಎಗ್ಮೋರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹೊರಡುವ ರೈಲುಗಳನ್ನೇ ನೋಡುತ್ತಾ ಬೆಳೆದು, ಸ್ವತಃ ಮೈಸೂರಿನಾಚೆ ಹೋಗದ ನಾಗಮಣಿಗೆ ಭೂಪಟದ ಮೇಲಿನ ತನ್ನ ಬೆರಳೂ ಅವನ ಜೊತೆ ಪ್ರಯಾಣ ಹೊರಟಂತೆ ಅನ್ನಿಸಿತು.

ಆಮೇಲೆ ಅವನು ಆಗಾಗ ಬರತೊಡಗಿದ. ಕೆಲವು ದೇಶಗಳಲ್ಲಿ ಗಡಿಯಲ್ಲೇ ವಿಮೆ ಕೊಳ್ಳಬೇಕು, ಯುರೋಪಿಗೆ ಹಸಿರು ಕಾರ್ಡು ಎಂಬ ವಿಮಾ ಪತ್ರ ಬೇಕು, ಅದಕ್ಕೆ ಲಂಡನ್ನಿಗೆ ತಂತಿ ಹೋಗಬೇಕು. ತಂತಿಗೆ ಉತ್ತರ ಬಂದಿದೆಯೇ ಎಂದು ಕೇಳುವ ನೆಪದಲ್ಲಿ ಅವನು ಬರುತ್ತಿದ್ದ. ಬಂದಿಲ್ಲ ಎಂದು ಹೇಳುವ ನೆಪದಲ್ಲಿ ಅವಳು ಕೂರಿಸಿಕೊಳ್ಳುತ್ತಿದ್ದಳು.

"ಅಷ್ಟು ದೂರ ಯಾಕೆ ಹೋಗ್ಬೇಕು ನಿಮಗೆ?" ಒಮ್ಮೆ ಕೇಳಿದಳು.

"ನಮ್ಮ ಮೆಸ್ಸಿಗೆ ಬರುವವರೆಲ್ಲ ಯಾವುದಾದ್ರೂ ಊರಿನ ಕಥೆ ಹೇಳ್ತಾರೆ. ಸಾರು ಬಡಿಸ್ತಾ ಕೇಳಿ ಕೇಳಿ ಸಾಕಾಯ್ತು. ಒಂದು ಸಲ ನಾನೂ ಹೇಳ್ಬೇಕು."

*ಯಾರಿಗೆ ಹೇಳ್ತೀರಿ?* ಎಂದು ಅವಳ ಮನಸ್ಸು ಕೇಳಿತು. ಬಾಯಿ ಕೇಳಲಿಲ್ಲ.

ಕೊನೆಗೆ ಲಂಡನ್ನಿನ ಉತ್ತರ ಬಂತು. ನಾಗಮಣಿ ಉಳಿದ ಒಂದೇ ಮಾತು ಹೇಳಿದಳು. "ವಾಪಸ್ ಬರೋ ದಾರಿಗೂ ವಿಮೆ."

ರಘುರಾಮ ಬೇಡವೆಂದು ತಲೆ ಅಲ್ಲಾಡಿಸಿದ.

ಅವಳ ಎದೆಯೊಳಗೆ ಏನೋ ಕಳಚಿಬಿತ್ತು. ಅವನು ಹೋದ ಮೇಲೆ ಮ್ಯಾನೇಜರ್ ಬದರಿನಾಥರು ಉರಿಯುವ ಗಾಯಕ್ಕೆ ಉಪ್ಪು ಸವರಿದರು.

"ಹೋಗೋ ದಾರಿಗೆ ಮಾತ್ರ ವಿಮೆ ಅಂದ್ರೆ ಏನಮ್ಮಾ ಅರ್ಥ? ಆಸಾಮಿ ಅಲ್ಲೇ ನಿಲ್ತಾನೆ. ಯಾರಾದ್ರೂ ದೊರೆಸಾನಿ ಇರಬೇಕು. ಸರಿಯಾದ ಉತ್ತರ ಬರದೆ ನಾನು ಸಹಿ ಹಾಕಲ್ಲ. ಹೇಗೂ ಗಾಡಿ ನೋಡೋಕೆ ಹೋಗ್ಬೇಕಲ್ಲ, ವಿಚಾರಿಸ್ಕೊಂಡು ಬಾ."

ಹೊರದೇಶಕ್ಕೆ ಹೋಗುವ ಗಾಡಿಯನ್ನು ಕಣ್ಣಾರೆ ನೋಡಿ ಬರುವುದು ಕಚೇರಿಯ ಪದ್ಧತಿ. ಹೀಗೆ ನಾಗಮಣಿ ಬೇಡದ ಮನಸ್ಸಿನಿಂದ ತ್ರಿಪ್ಲಿಕೇನಿನ ಗಲ್ಲಿ ಹೊಕ್ಕಳು. *ನನಗೇನು? ನಾನೇನು ಅವನಿಗೆ ಬೇಯಿಸಿ ಹಾಕುವವಳೇ?* ಎಂದುಕೊಂಡಳು. ಕಣ್ಣು ಮಾತ್ರ ಆ ಮಾತನ್ನು ಒಪ್ಪದೆ ಒದ್ದೆಯಾಗುತ್ತಿತ್ತು.

ಮೆಸ್ಸಿನಲ್ಲಿ ಊಟದ ಹೊತ್ತು ಮುಗಿದಿತ್ತು. ಅವನ ತಾಯಿ ಜಲಜಾಕ್ಷಮ್ಮ, ಬೈಕು ನೋಡಲು ಬಂದೆ ಎಂದವಳ ಮುಖ ನೋಡಿದವರೇ ಬೇರೇನೂ ಕೇಳದೆ ಎಲೆ ಹಾಕಿದರು.

"ಊಟ ಮಾಡು ಮಗಾ. ಬೈಕು ಎಲ್ಲಿಗೂ ಓಡಿ ಹೋಗೂದಿಲ್ಲ. ಹಿತ್ತಿಲಲ್ಲಿ ಉಂಟು, ಅವನೂ ಅಲ್ಲೇ ಇದ್ದಾನೆ."

ನಾಗಮಣಿ ಅನ್ನ ಕಲಸುತ್ತಾ ಕೂತಳು. "ಅಮ್ಮಾ... ಅವರನ್ನ ಏನೂ ಕೇಳ್ಬಾರ್ದು ಅಂತ ನೀವು ಮಾತು ತಗೊಂಡಿದೀರಂತೆ."

"ಏನೂ ಅಲ್ಲ. ಎಲ್ಲಿಗೆ ಅಂತ ಕೇಳ್ಬಾರ್ದು. ಯಾವಾಗ ಬರ್ತಿ ಅಂತ ಕೇಳ್ಲಿಕ್ಕೆ ಅಡ್ಡಿ ಇಲ್ಲ." ಜಲಜಾಕ್ಷಮ್ಮ ಮಜ್ಜಿಗೆಯ ಪಾತ್ರೆ ಕೆಳಗಿಟ್ಟರು. "ಅವನಪ್ಪನ್ನ ನಾನು ಅದನ್ನ ಕೇಳ್ಲೇ ಇಲ್ಲ. ಅತ್ತೆ ಮಾವ ಎದುರಿಗೆ ನಿಂತಿದ್ರು. ನಾಚಿಕೆ ಆಯ್ತು. ಯಾರೋ ಎಲ್ಲಿಗೆ ಅಂದದ್ದಕ್ಕೇ ಅವರು ಬರ್ಲಿಲ್ಲ ಅಂತ ಊರಿಗೆಲ್ಲ ಹೇಳ್ತೇನೆ. ನಾನು ಯಾವಾಗ ಬರ್ತೀರಿ ಅಂತ ಕೇಳ್ದೇ ಇದ್ದದ್ದಕ್ಕೆ ಬರ್ಲಿಲ್ಲವೋ ಏನೋ, ಯಾರಿಗೆ ಗೊತ್ತು?"

ನಾಗಮಣಿ ಕೈ ತೊಳೆದು ಹಿತ್ತಿಲಿಗೆ ನಡೆದಳು.

ರಘುರಾಮ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಯಾವಾಗ ಬರ್ತೀರಿ?" ಎಂದಳು.

"ಆಫೀಸಿಗೆ ಬೇಕಾ?"

"ಅಲ್ಲ. ನನಗೆ ಬೇಕು."

ಎಣ್ಣೆಯ ಡಬ್ಬಿ ಅವನ ಕೈಯಲ್ಲೇ ವಾಲಿ, ಚಪ್ಪಲಿಯ ಮೇಲೆಲ್ಲ ಸುರಿಯಿತು. ಇಬ್ಬರೂ ನೋಡಲಿಲ್ಲ.

"ಇಷ್ಟು ದಿನ ನೀವು ಅದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿಸಿದ್ರಿ," ಎಂದ ಅವನು ಮೆಲ್ಲಗೆ. "ಕೇಳ್ತೀರೋ ಇಲ್ವೋ ಅಂತ ನಾನು ಕಾದದ್ದು ನನಗೇ ಗೊತ್ತು. ಯುಗಾದಿಗೆ ಮುಂಚೆ ಬರ್ತೇನೆ."

"ಮತ್ತೆ ವಾಪಸ್ ದಾರಿಗೆ ವಿಮೆ ಯಾಕೆ ಬೇಡ ಅಂದ್ರಿ?"

"ವಾಪಸ್ ಬರೂದು ಹಡಗಲ್ಲಿ ಅಲ್ವಾ? ಓಡದ ಬೈಕಿಗೆ ಎಂತ ವಿಮೆ?"

ನಾಗಮಣಿ ಅವನ ಮುಖವನ್ನೇ ನೋಡಿದಳು. ಆಮೇಲೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. "ಅಯ್ಯೋ ಪೆದ್ದೇ... ಹಡಗು ಹತ್ತಿದ್ರೆ ಬೈಕು ಸರಕು. ಅದಕ್ಕೆ ಬೇರೆ ವಿಮೆ, ನಮ್ಮ ಮಹಡಿ ಮೇಲೇ ಕೊಡ್ತಾರೆ. ಬಾಯಿಬಿಟ್ಟು ಹೇಳೋದಲ್ವಾ?"

"ನೀವು ತಲೆ ಆಡಿಸು ಅಂದಿದ್ರಿ. ಆಡಿಸಿದೆ."

ಬದರಿನಾಥರು ಸಹಿ ಹಾಕಿದರು. ರಘುರಾಮ ಹೊರಟ ಬೆಳಿಗ್ಗೆ ಮೆಸ್ಸಿನ ಬಾಗಿಲಲ್ಲಿ, ಬೀದಿಯವರೆಲ್ಲರ ಎದುರಿಗೆ, ನಾಗಮಣಿ ಇನ್ನೊಮ್ಮೆ ಗಟ್ಟಿಯಾಗಿ ಕೇಳಿದಳು. "ಯಾವಾಗ ಬರ್ತೀರಿ?" ಜಲಜಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಯುಗಾದಿಗೆ ಕೆಲವೇ ದಿನಗಳಿದ್ದಾಗ ಮದರಾಸಿನ ಬಂದರಿನಲ್ಲಿ ಒಂದು ಬುಲೆಟ್ ಇಳಿಯಿತು. ಬಿಸಿಲಿಗೆ ಕರಕಾಗಿ, ಬಡಕಲಾಗಿ ಬಂದಿದ್ದ ರಘುರಾಮ ಗೇಟಿನಾಚೆ ನಿಂತಿದ್ದ ನಾಗಮಣಿಯ ಮುಂದೆ ಗಾಡಿ ನಿಲ್ಲಿಸಿ, ಹಿಂದಿನ ಸೀಟಿನ ಧೂಳನ್ನು ಕರ್ಚೀಫಿನಿಂದ ಒರೆಸಿದ.

"ಹತ್ತು."

"ಎಲ್ಲಿಗೆ?" ಎಂದವಳೇ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಕೇಳ್ಬಿಟ್ನಲ್ಲ... ನೀರು ತರ್ಲಾ?"

"ಬೇಡ," ಎಂದು ಅವನು ನಕ್ಕ. "ಕೇಳ್ಬಾರ್ದು ಅಂದದ್ದು ಹೊರಟವನನ್ನ. ನಾನು ಬಂದವನು."

ಅವಳು ಸೀರೆ ಸರಿಮಾಡಿಕೊಂಡು ಹತ್ತಿ ಕೂತು, ಅವನ ಭುಜ ಹಿಡಿದಳು.

"ಹಾಗಾದ್ರೆ ಹೇಳಿ. ಎಲ್ಲಿಗೆ?"

"ಮನೆಗೆ."