ಹೊಂಗೆಮರ ತಿರುಗಿತು!

“ಮಿಸ್, ಹೊಂಗೆಮರ ತಿರುಗ್ತಾ ಐತೆ!”

ಗಂಗು ಹಾಗೆ ಕೂಗಿದ್ದೇ ತಡ, ಜೊತೆಯಲ್ಲಿ ಕೋಲಾಟ ಆಡುತ್ತಿದ್ದ ಏಳು ಹುಡುಗಿಯರೂ ಕಿಸಕ್ಕನೆ ನಕ್ಕರು.

“ಮರ ಅಲ್ಲ ಕಣೇ, ತಿರುಗ್ತಾ ಇರೋದು ನಾವು!” ಅಂದಳು ಅವಳ ಗೆಳತಿ ಕನಕ.

ಗಂಗುಗೆ ನಗು ಬರಲಿಲ್ಲ. ಅವಳ ಕಣ್ಣಿಗೆ ಮರ ನಿಜವಾಗಿಯೂ ತಿರುಗುತ್ತಿತ್ತು. ಮರದ ಹಿಂದೆ ಐದನೇ ಕ್ಲಾಸಿನ ಬಾಗಿಲು, ನೀರಿನ ತೊಟ್ಟಿ, ಅನಸೂಯಮ್ಮ ಮಿಸ್ ಉಟ್ಟಿದ್ದ ಹಸಿರು ಸೀರೆ, ಎಲ್ಲವೂ ಒಂದರ ಹಿಂದೆ ಒಂದು ಓಡುತ್ತಿದ್ದವು. ಅವಳು ನಿಂತಳು. ಅವು ನಿಲ್ಲಲಿಲ್ಲ. ನೆಲ ಒಂದು ಕಡೆಗೆ ವಾಲಿದ ಹಾಗಾಯಿತು. ಹೊಟ್ಟೆ ತೊಳೆಸಿ, ಬಾಯಲ್ಲಿ ನೀರೂರಿತು.

ವ್ಯಾಕ್!

ಮಧ್ಯಾಹ್ನ ತಿಂದ ಮುದ್ದೆ, ಸೊಪ್ಪಿನ ಸಾರು ಎಲ್ಲ ಹೊರಗೆ ಬಂತು. ಬಂದಿದ್ದು ಎಲ್ಲಿಗೆ ಅಂತೀರಿ? ಪಕ್ಕದಲ್ಲಿ ನಿಂತು ಕೋಲಾಟ ನೋಡುತ್ತಿದ್ದ ಅಮ್ಮಾಜಿಯ ಹೊಸ ಚಪ್ಪಲಿಯ ಮೇಲೆ!

“ಅಯ್ಯಯ್ಯೋ, ನನ್ನ ಚಪ್ಲಿ! ನಿನ್ನೆ ತಾನೇ ತಂದಿದ್ದು!” ಅಮ್ಮಾಜಿ ಒಂಟಿ ಕಾಲಿನಲ್ಲಿ ಕುಣಿದಳು.

ಮಿಸ್ ಓಡಿಬಂದು ಗಂಗುವಿನ ಹಣೆ ಹಿಡಿದುಕೊಂಡರು. ಬಾಯಿ ತೊಳೆಸಿ, ಗೋಡೆಗೆ ಒರಗಿಸಿ ಕೂರಿಸಿದರು. ಅಷ್ಟರಲ್ಲಿ ಇನ್ನೊಂದು ಅನಾಹುತ ಆಗಿಹೋಗಿತ್ತು. ಗಂಗು ಕೈಬಿಟ್ಟ ಹಳದಿ ಹಗ್ಗ ಉಳಿದ ಏಳು ಹಗ್ಗಗಳಿಗೆ ಸುತ್ತಿಕೊಂಡು ದೊಡ್ಡ ಗಂಟಾಗಿತ್ತು.

ಜಡೆ ಕೋಲಾಟ ಅಂದರೆ ಹಾಗೇ. ಹೊಂಗೆಮರದ ಕೊಂಬೆಯಿಂದ ಎಂಟು ಬಣ್ಣದ ಹಗ್ಗಗಳನ್ನು ಇಳಿಬಿಟ್ಟಿರುತ್ತಾರೆ. ಒಬ್ಬೊಬ್ಬರ ಎಡಗೈಯಲ್ಲಿ ಒಂದೊಂದು ಹಗ್ಗ, ಬಲಗೈಯಲ್ಲಿ ಕೋಲು. ನಾಲ್ಕು ಜನ ಈ ಕಡೆಯಿಂದ, ನಾಲ್ಕು ಜನ ಆ ಕಡೆಯಿಂದ. ಒಬ್ಬರನ್ನು ಒಳಗಿನಿಂದ ದಾಟಬೇಕು, ಮುಂದಿನವರನ್ನು ಹೊರಗಿನಿಂದ. ಹಾಗೆ ಸುತ್ತುತ್ತಾ ಹೋದರೆ ಮೇಲೆ ಕೊಂಬೆಯ ಹತ್ತಿರ ಹಗ್ಗಗಳೆಲ್ಲ ಸೇರಿ ಜಡೆಯಾಗಿ ಇಳಿದು ಬರುತ್ತವೆ. ಆಮೇಲೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸುತ್ತಿ ಜಡೆ ಬಿಚ್ಚಬೇಕು. ಎಂಟರಲ್ಲಿ ಒಬ್ಬರು ತಪ್ಪಿದರೂ ಜಡೆ ಹೋಗಿ ಸಿಕ್ಕಾಗುತ್ತದೆ.

ಆ ಜಡೆ ಇಳಿದು ಬರುವುದನ್ನು ನೋಡುವುದೆಂದರೆ ಗಂಗುಗೆ ಪ್ರಾಣ. ಅದಕ್ಕೇ ಅವಳು ಆಡುವಾಗಲೆಲ್ಲ ಕತ್ತು ಮೇಲೆತ್ತಿಕೊಂಡೇ ಇರುತ್ತಿದ್ದಳು.

“ಸ್ಕೂಲ್ ಡೇಗೆ ಇನ್ನು ಒಂಬತ್ತೇ ದಿನ ಇದೆ,” ಅಂದರು ಮಿಸ್, ಗಂಟು ಬಿಡಿಸುತ್ತಾ. “ಗಂಗು, ನೀನು ಮನೆಗೆ ಹೋಗಿ ಮಲಗು. ನೀನು ಹುಷಾರಾಗೋವರೆಗೂ ಹಳದಿ ಹಗ್ಗ ಅಮ್ಮಾಜಿ ಹಿಡ್ಕೊಳ್ಳಲಿ.”

ಅಮ್ಮಾಜಿಯ ಮುಖ ಅರಳಿತು. ಚಪ್ಪಲಿ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು ಬಂದಳು. “ಓಗಮ್ಮ ಬುಗುರಿ, ಮಲಕ್ಕೋ ಓಗು!” ಅಂದಳು.

ಸಂಜೆಯ ಹೊತ್ತಿಗೆ ಇಡೀ ಊರಿಗೆ ಗಂಗು ‘ಬುಗುರಿ’ ಆಗಿದ್ದಳು.

ಮನೆಯಲ್ಲಿ ಚಾಪೆಯ ಮೇಲೆ ಬಲಕ್ಕೆ ಹೊರಳಿದರೆ ಸಾಕು, ಸೂರಿನ ತೊಲೆಗಳು ಗಿರ್ರನೆ ತಿರುಗುತ್ತಿದ್ದವು. ಗಂಗು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮುಚ್ಚಿದ ಕಣ್ಣೊಳಗೂ ತಿರುಗಿತು.

“ಕಣ್ಣು ಬಿದ್ದೈತೆ ಮಗೀಗೆ,” ಅಂದರು ಅಜ್ಜಿ ಚಿಕ್ಕವೆಂಕಟಮ್ಮ. “ಆ ಹಳದಿ ಹಗ್ಗ ಇಡ್ಕೊಂಡು ಲಂಗ ಆರಿಸ್ಕೊಂಡು ಕುಣೀತಿದ್ರೆ ಬೀಳದೆ ಇರ್ತದಾ?”

ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ಗಂಗುವಿನ ಮುಖದ ಮುಂದೆ ನಿವಾಳಿಸತೊಡಗಿದರು. ಒಂದು ಸುತ್ತು. ಎರಡು ಸುತ್ತು. ಅಜ್ಜಿಯ ಕೈಯ ಹಿಂದೆಯೇ ಗಂಗುವಿನ ಕಣ್ಣೂ ಸುತ್ತಿತು.

“ಅಜ್ಜೀ, ಸುತ್ತಬೇಡ! ವಾಂತಿ ಬತ್ತೈತೆ!”

“ಸುತ್ತದೆ ದೃಷ್ಟಿ ತೆಗೆಯೋದು ಎಂಗೇ?” ಅಜ್ಜಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಎಡಗೈಯಿಂದ ಮೊಮ್ಮಗಳ ಕಣ್ಣು ಮುಚ್ಚಿ, ಬಲಗೈಯಿಂದ ಮೂರನೇ ಸುತ್ತನ್ನು ಲಗುಬಗೆಯಿಂದ ಮುಗಿಸಿದರು. ಮೆಣಸಿನಕಾಯಿ ಒಲೆಗೆ ಬಿದ್ದು ಘಾಟು ಎದ್ದು, ಗಂಗು, ಅಜ್ಜಿ, ಅಮ್ಮ ಮೂವರೂ ಕೆಮ್ಮಿದರು.

“ನಾಳೆ ಡಾಕ್ಟ್ರತ್ರ ಕರ್ಕೊಂಡು ಓಗ್ತೀನಿ ಅತ್ತೆ,” ಅಂದರು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ.

ಬಂಗಾರಪೇಟೆಯ ಡಾಕ್ಟರು ಟಾರ್ಚ್ ಬಿಟ್ಟು ಗಂಗುವಿನ ಎರಡೂ ಕಿವಿ ನೋಡಿದರು.

“ಹೋದ ವಾರ ನೆಗಡಿ ಆಗಿತ್ತಾ?”

“ಆಗಿತ್ತು ಸಾರ್. ಕಿವೀನೂ ನೋಯ್ತಿತ್ತು,” ಅಂದಳು ಗಂಗು.

“ಅದೇ ಮತ್ತೆ. ಗಾರೆ ಕೆಲಸದವರು ಗೋಡೆ ಮೇಲೆ ರಸಮಟ್ಟ ಇಟ್ಟು ನೋಡ್ತಾರಲ್ಲ, ಒಳಗೆ ಗುಳ್ಳೆ ಓಡಾಡ್ತದಲ್ಲ, ಅಂಥದ್ದೊಂದು ನಮ್ಮ ಕಿವಿ ಒಳಗೂ ಇದೆ. ನಾವು ನೆಟ್ಟಗಿದ್ದೀವಾ, ವಾಲಿದ್ದೀವಾ ಅಂತ ಅದೇ ಹೇಳೋದು. ನಿನ್ನ ರಸಮಟ್ಟ ಈಗ ಸುಳ್ಳು ಹೇಳ್ತಾ ಇದೆ.”

ಗಂಗುಗೆ ಸಮಾಧಾನವಾಯಿತು. ಹಾಗಾದರೆ ತಪ್ಪು ಅವಳದ್ದಲ್ಲ, ರಸಮಟ್ಟದ್ದು.

“ಮಾತ್ರೆ ತಗೋ. ದಡಬಡ ಏಳಬೇಡ. ಕತ್ತು ಮೇಲಕ್ಕೆ ಎತ್ತಬೇಡ. ಸ್ವಲ್ಪ ಸ್ವಲ್ಪ ತಿನ್ನುತ್ತಾ ಇರು. ತಾನಾಗೇ ಸರಿಹೋಗ್ತದೆ.”

“ಕೋಲಾಟ ಆಡಬೋದಾ ಸಾರ್?”

ಡಾಕ್ಟರು ನಕ್ಕರು. “ನಾಲ್ಕು ದಿನ ಮಲಗು. ಆಮೇಲೆ ತಲೆ ನೆಟ್ಟಗೆ ನಿಂತರೆ ಆಡು.”

ಎರಡು ದಿನ ಗಂಗು ಮಲಗಿದಳು. ಮೂರನೇ ದಿನ ತಡೆಯಲಾಗಲಿಲ್ಲ. ತೊಲೆಗಳು ಈಗ ತಿರುಗುತ್ತಿರಲಿಲ್ಲ. ಆದರೆ ಶಾಲೆಯ ಕಡೆಯಿಂದ ಕೋಲಿನ ಸದ್ದು ಬರುತ್ತಿತ್ತು, ಟಕ್ ಟಕ್, ಟಕಟಕ ಟಕ್. ಅವಳ ಹಗ್ಗ ಅಮ್ಮಾಜಿಯ ಕೈಯಲ್ಲಿತ್ತು.

ವಾಂತಿಯಾದೀತೆಂದು ಹೆದರಿ ಗಂಗು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅಮ್ಮ ಕೊಟ್ಟ ರೊಟ್ಟಿ ಗುಟ್ಟಾಗಿ ಹಸುವಿನ ಹೊಟ್ಟೆ ಸೇರಿತ್ತು. ಸಂಜೆ ಹುಲ್ಲಿನ ಮೆದೆಯ ಹಿಂದೆ ಯಾರೂ ಇಲ್ಲದ್ದು ನೋಡಿ, ಒಂದು ಕಡ್ಡಿ ಹಿಡಿದುಕೊಂಡು ಸುತ್ತತೊಡಗಿದಳು. ಮೇಲೆ ಇಲ್ಲದ ಜಡೆಯನ್ನು ನೋಡುತ್ತಾ ಒಂದು, ಎರಡು, ಮೂರು...

ಎಂಟನೇ ಸುತ್ತಿಗೆ ಆಕಾಶ ಓಡತೊಡಗಿತು.

ಗಂಗು ಹೆದರಲಿಲ್ಲ. ಅವಳ ಹತ್ತಿರ ಒಂದು ಉಪಾಯವಿತ್ತು. ಸುತ್ತಿದ್ದಕ್ಕೆ ತಾನೇ ತಲೆ ತಿರುಗಿದ್ದು? ಅಷ್ಟೇ ಸುತ್ತು ಹಿಂದಕ್ಕೆ ಸುತ್ತಿದರೆ ಜಡೆ ಬಿಚ್ಚಿದ ಹಾಗೆ ಅದೂ ಬಿಚ್ಚಿಕೊಳ್ಳಬೇಕು!

ಹಿಂದಕ್ಕೆ ಸುತ್ತಿದಳು. ಒಂದು, ಎರಡು, ಮೂರು, ನಾ...

ಧೊಪ್!

ಕಣ್ಣು ಬಿಟ್ಟಾಗ ಅವಳು ಹುಲ್ಲಿನ ಮೇಲೆ ಬಿದ್ದಿದ್ದಳು. ಹಸು ಅವಳ ಕೆನ್ನೆ ನೆಕ್ಕುತ್ತಿತ್ತು. ಅದರ ಪಕ್ಕದಲ್ಲಿ ಸೈಕಲ್ ಹಿಡಿದುಕೊಂಡು ಅಪ್ಪ ಬಚ್ಚಪ್ಪ ನಿಂತಿದ್ದರು. ಅವರು ದಿನಾ ನಸುಕಿನಲ್ಲೇ ಎದ್ದು ಬಂಗಾರಪೇಟೆಗೆ ಸೈಕಲ್ ತುಳಿದು, ಅಲ್ಲಿಂದ ರೈಲಿನಲ್ಲಿ ಕೋರಮಂಡಲ್‌ಗೆ ಹೋಗಿ, ಚಿನ್ನದ ಗಣಿಯೊಳಗೆ ಇಳಿದು ಕೆಲಸ ಮಾಡುತ್ತಿದ್ದರು.

“ಏನಮ್ಮಣ್ಣಿ, ಇಲ್ಲಿ ಮಲಗಿದ್ದೀಯ?”

“ಬಿಚ್ಚೋಕೆ ಓದೆ ಅಪ್ಪ. ಬಿಚ್ಚಿಕೊಳ್ಳಲಿಲ್ಲ.” ಗಂಗು ಅಳುವ ದನಿಯಲ್ಲಿ ಎಲ್ಲ ಹೇಳಿದಳು. ರೊಟ್ಟಿಯ ವಿಷಯವನ್ನೂ ಹೇಳಿದಳು.

ಅಪ್ಪ ನಗಲಿಲ್ಲ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವಳ ಪಕ್ಕ ಕೂತರು. ಹಿಂದೆ ಮುಂದೆ ನೋಡಿ, ಮೆಲ್ಲಗೆ ಅಂದರು, “ನಿನಗೊಂದು ಮಾತು ಏಳ್ತೀನಿ. ನಿಮ್ಮಜ್ಜಿಗೆ ಏಳಬಾರದು.”

“ಏಳಲ್ಲ.”

“ಗಣಿ ಸೇರಿದ ಒಸದ್ರಲ್ಲಿ ನಾನೂ ನಿನ್ನಂಗೇ ವಾಂತಿ ಮಾಡ್ಕೋತಿದ್ದೆ. ಒಂದು ದಿನ ಅಲ್ಲ, ಒಂದು ತಿಂಗಳು.”

ಗಂಗು ಎದ್ದು ಕೂತಳು. “ನೀನಾ?”

“ನಾನೇ. ಕೇಜ್ ಅಂತ ಇರ್ತದೆ, ಕಬ್ಬಿಣದ ಗೂಡು. ಅದರೊಳಗೆ ನಮ್ಮನ್ನ ತುಂಬಿ ಭೂಮಿಯೊಳಕ್ಕೆ ಬಿಡ್ತಾರೆ. ಜುಯ್ಯಂತ ಓಗ್ತದೆ. ಒಟ್ಟೆ ಮೇಲೇ ಉಳ್ಕೊಂಡು ನಾವು ಮಾತ್ರ ಕೆಳಗಡೆ ಓದಂಗೆ ಆಗ್ತದೆ. ನಾನು ವಾಂತಿ ಬತ್ತದೆ ಅಂತ ಬರೀ ಒಟ್ಟೇಲಿ ಓಗ್ತಿದ್ದೆ. ಆದ್ರೂ ಬತ್ತಿತ್ತು. ಒಂದು ಸಲ ಎಲ್ಲಿ ಮಾಡಬೇಕೋ ಗೊತ್ತಾಗದೆ ಟಿಫನ್ ಕ್ಯಾರಿಯರ್ ಒಳಗೇ ಮಾಡ್ಬಿಟ್ಟೆ.”

ಗಂಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. “ಅಮ್ಮಾಜಿ ಚಪ್ಲೀಗಿಂತ ಮೋಸ!”

“ಊಂ. ಮಧ್ಯಾಹ್ನಕ್ಕೆ ಊಟಾನೂ ಇಲ್ಲ! ಆಗ ಮುನಿಸ್ವಾಮಪ್ಪ ಅಂತ ವಯಸ್ಸಾದವರು, ಮಾರಿಕುಪ್ಪಂ ಕಡೆಯವರು, ತಮ್ಮ ಇಡ್ಲೀಲಿ ಎರಡು ನನಗೆ ಕೊಟ್ಟು ಅಂದ್ರು, ‘ತಂಬಿ, ಬರೀ ಹೊಟ್ಟೇಲಿ ಬರಬೇಡ. ಕಣ್ಣೂ ಮುಚ್ಚಬೇಡ, ಗೋಡೇನೂ ನೋಡಬೇಡ. ಗೋಡೆ ಓಡ್ತದೆ. ನನ್ನ ಟೋಪಿ ಮೇಲಿರೋ ಲ್ಯಾಂಪ್ ನೋಡು. ಲ್ಯಾಂಪ್ ನಮ್ಮ ಜೊತೇನೇ ಬರ್ತದೆ.’”

“ಆಮೇಲೆ?”

“ಆಮೇಲೆ ದಿನಾ ಅವರ ಲ್ಯಾಂಪ್ ನೋಡ್ತಾ ಇಳಿದೆ.”

ಗಂಗು ಯೋಚಿಸಿದಳು. ಕೋಲಾಟದಲ್ಲಿ ಕನಕ ಎದುರಿಗೆ ಬಂದು ದಾಟಿಹೋಗುತ್ತಾಳೆ. ಮಿಸ್ ದಾಟಿಹೋಗುತ್ತಾರೆ. ಮರ, ಬಾಗಿಲು, ತೊಟ್ಟಿ, ಎಲ್ಲ ದಾಟಿಹೋಗುತ್ತವೆ. ಅವಳ ಜೊತೆಯಲ್ಲೇ ಬರುವುದು ಯಾವುದು?

ಅವಳು ತನ್ನ ಎಡಗೈ ನೋಡಿಕೊಂಡಳು. ಹಗ್ಗ ಹಿಡಿಯುವ ಕೈ.

“ಇದು ಅಪ್ಪ. ಇದು ನನ್ನ ಜೊತೇನೇ ಬತ್ತದೆ!” ಅಂದವಳೇ ಸಪ್ಪಗಾದಳು. “ಆದ್ರೆ ಇದನ್ನ ನೋಡ್ತಾ ಇದ್ರೆ ಮೇಲೆ ಜಡೆ ಬರೋದು ನನಗೆ ಕಾಣಲ್ವಲ್ಲ.”

ಅಪ್ಪ ಒಂದು ಹುಲ್ಲುಕಡ್ಡಿ ಮುರಿದರು. “ನಾನು ಗಣಿಗೆ ಇಳಿದು ಹದಿನಾಲ್ಕು ವರ್ಷ ಆಯ್ತಮ್ಮಣ್ಣಿ. ಚಿನ್ನದ ಗಟ್ಟಿ ಒಂದಿನಾನೂ ನೋಡಿಲ್ಲ. ನಾನು ನೋಡಿರೋದೆಲ್ಲ ಬರೀ ಕಲ್ಲು.”

ಹಾಗೆಂದು ಎದ್ದು ಪ್ಯಾಂಟು ಕೊಡವಿಕೊಂಡರು. “ನಡಿ, ಮೊದಲು ರೊಟ್ಟಿ ತಿನ್ನು. ಈ ಸಲ ಹಸೂಗೆ ಕೊಡಬೇಡ.”

ಬುಧವಾರ ಗಂಗು ಶಾಲೆಗೆ ಹೋದಳು. ಡಾಕ್ಟರು ಹೇಳಿದ್ದನ್ನೂ ಅಪ್ಪ ಹೇಳಿದ್ದನ್ನೂ ಮಿಸ್‌ಗೆ ಒಪ್ಪಿಸಿದಳು. ಟಿಫನ್ ಕ್ಯಾರಿಯರ್ ವಿಷಯ ಮಾತ್ರ ಹೇಳಲಿಲ್ಲ.

ಮಿಸ್ ಗಂಗುವಿನ ಗಲ್ಲ ಹಿಡಿದು ಕಣ್ಣು ನೋಡಿದರು. “ಸರಿ, ನಿಧಾನಕ್ಕೆ ಆಡಿ ನೋಡೋಣ. ತಲೆ ತಿರುಗಿದರೆ ಕೋಲು ಮೇಲೆತ್ತು. ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ತಿಳೀತಾ? ಯಾರೂ ನಗಬಾರದು.”

ಅಮ್ಮಾಜಿ ಹಳದಿ ಹಗ್ಗವನ್ನು ಒಲ್ಲದ ಮನಸ್ಸಿನಿಂದ ಕೊಟ್ಟಳು. ಆಮೇಲೆ ಏನೋ ನೆನಪಾಗಿ ಎರಡೂ ಚಪ್ಪಲಿ ಕಳಚಿ ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಬಂದಳು.

“ಈಗ ಆಡಮ್ಮ ಬುಗುರಿ!”

ಎಲ್ಲರಿಗಿಂತ ಜೋರಾಗಿ ನಕ್ಕವಳು ಗಂಗುವೇ.

ಆ ದಿನ ಅವಳು ಎರಡು ಸಲ ಕೋಲು ಎತ್ತಿದಳು. ಗುರುವಾರ ಒಂದು ಸಲ. ಶುಕ್ರವಾರ ಎತ್ತಲಿಲ್ಲ.

ಶನಿವಾರ ಸಂಜೆ ಶಾಲೆಯ ಅಂಗಳ ತುಂಬಿಹೋಗಿತ್ತು. ಅಜ್ಜಿ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತಿದ್ದರು. ಕೋಲಾಟ ಶುರುವಾಗುವ ಹೊತ್ತಿಗೆ ಸರಿಯಾಗಿ ಅಪ್ಪ ಶಿಫ್ಟ್ ಮುಗಿಸಿ ಸೀದಾ ಬಂದು, ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ಗೋಡೆಯ ಪಕ್ಕ ನಿಂತರು.

ಟಕ್ ಟಕ್, ಟಕಟಕ ಟಕ್.

ಒಳಗೆ, ಹೊರಗೆ. ಒಳಗೆ, ಹೊರಗೆ. ಗಂಗು ತನ್ನ ಎಡಗೈ ನೋಡುತ್ತಿದ್ದಳು. ಹೆಬ್ಬೆರಳಿನ ಉಗುರಿನ ಪಕ್ಕ, ಗುರುತಿಗಿರಲಿ ಅಂತ ಕನಕ ಹಚ್ಚಿದ್ದ ಒಂದು ಇಂಕಿನ ಕಲೆ. ಅದು ಅವಳ ಜೊತೆಯಲ್ಲೇ ಬರುತ್ತಿತ್ತು. ಅದರಾಚೆ ಮುಖಗಳು, ಸೀರೆಗಳು, ದೀಪದ ಬಲ್ಬುಗಳು ಓಡುತ್ತಿದ್ದವು. ಓಡಲಿ, ಅಂದುಕೊಂಡಳು.

ಇದ್ದಕ್ಕಿದ್ದಂತೆ ಜನ “ಆಹಾ!” ಅಂದರು. ಜಡೆ ಇಳಿಯುತ್ತಿರಬೇಕು. ಗಂಗುವಿನ ಗಲ್ಲ ತಾನಾಗಿಯೇ ಒಂದಿಷ್ಟು ಮೇಲೆದ್ದಿತು.

ನೆಲ ವಾಲಿತು. ಕೋಲಿನ ಏಟು ಒಂದು ಗಳಿಗೆ ತಡವಾಯಿತು. ಕೋಲು ಎತ್ತಲೇ?

“ಇಂಕು, ಇಂಕು!” ಎದುರಿಗೆ ಬಂದ ಕನಕ ಪಿಸುಗುಟ್ಟಿ ದಾಟಿಹೋದಳು.

ಗಂಗು ಇಂಕಿನ ಕಲೆಗೆ ಕಣ್ಣು ನೆಟ್ಟಳು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ನೆಲ ಮೆಲ್ಲಗೆ ತನ್ನ ಜಾಗಕ್ಕೆ ಬಂತು. ಒಳಗೆ, ಹೊರಗೆ. ಟಕ್!

ಎಂಟೂ ಕೋಲು ಒಟ್ಟಿಗೆ ನಿಂತವು. ಜಡೆ ಮುಗಿದಿತ್ತು. ಜನರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಉಳಿದ ಏಳು ಹುಡುಗಿಯರೂ ತಲೆ ಎತ್ತಿ ನೋಡಿದರು.

ಗಂಗು ತಲೆ ಎತ್ತಲಿಲ್ಲ. ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಅಪ್ಪ ಕತ್ತು ಹಿಂದಕ್ಕೆ ವಾಲಿಸಿ, ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರು. ಕೈಯಲ್ಲಿದ್ದ ಟಿಫನ್ ಕ್ಯಾರಿಯರ್ ವಾಲಿ, ಅದರಿಂದ ಉಳಿದ ಸಾರು ತೊಟ್ಟಿಕ್ಕುತ್ತಿದ್ದುದೂ ಅವರಿಗೆ ಗೊತ್ತಾಗಿರಲಿಲ್ಲ.

ಜಡೆ ಚೆನ್ನಾಗಿ ಬಂದಿದೆ ಅಂತ ಗಂಗುಗೆ ಗೊತ್ತಾಯಿತು.

ಜಡೆ ಬಿಚ್ಚಿ ಮುಗಿಸಿ ಮನೆಗೆ ಹೋಗುವಾಗ ಅವಳು ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂತಿದ್ದಳು. ಬೆವರಿಗೆ ಹಗ್ಗದ ಬಣ್ಣ ಬಿಟ್ಟು ಎಡಗೈ ತುಂಬ ಹಳದಿಯಾಗಿತ್ತು. ಪಕ್ಕದಲ್ಲೇ ಹ್ಯಾಂಡಲ್ ಹಿಡಿದ ಅಪ್ಪನ ಕೈ. ಎಷ್ಟು ತೊಳೆದರೂ ಹೋಗದ ಕಲ್ಲಿನ ಧೂಳು ಅದರ ಬೆರಳ ಸಂದಿಯಲ್ಲಿ ಕಪ್ಪಗೆ ಕೂತಿತ್ತು.

“ಕೆಂಪು, ಪಕ್ಕದಲ್ಲಿ ನಿನ್ನ ಹಳದಿ, ಆಮೇಲೆ ಹಸಿರು,” ಅಪ್ಪ ಉಸಿರು ಬಿಡದೆ ಹೇಳುತ್ತಿದ್ದರು. “ಆವು ಮರ ಇಳಿದಂಗೆ ಇಳೀತು ಕಣಮ್ಮಣ್ಣಿ! ಅದರಲ್ಲೂ ಹಳದಿ ಇತ್ತಲ್ಲ...”

ಗಂಗು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

“ಅಪ್ಪ, ನೀನು ಅಗೆಯೋ ಕಲ್ಲು ಎಂಗಿರ್ತದೆ? ನನಗೆ ಏಳು.”

ಅಪ್ಪ ಪೆಡಲ್ ತುಳಿಯುವುದನ್ನು ನಿಲ್ಲಿಸಿದರು. ಇಳಿಜಾರಿನಲ್ಲಿ ಸೈಕಲ್ ತಾನಾಗಿಯೇ ಓಡತೊಡಗಿತು. ಅಷ್ಟು ವರ್ಷದಲ್ಲಿ ಅದನ್ನು ಅವರಿಗೆ ಯಾರೂ ಕೇಳಿರಲಿಲ್ಲ.

“ಕಲ್ಲಾ?” ಅಂದರು. “ಏಳ್ತೀನಿ ಕೇಳು...”